ಒಂದು ಓಟಿಗೆ ಗೆದ್ದ ಕ್ಷೇತ್ರ, ಒಂದೂ ಓಟು ಕೇಳದೆ ಹೋಯ್ತು

40,752. 40,751.

ಇವು ಲಾಟರಿ ಟಿಕೆಟ್ಟಿನ ನಂಬರುಗಳಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದ ಮೊದಲ ಇಬ್ಬರಿಗೆ ಬಿದ್ದ ಓಟುಗಳು. ಮೊದಲನೆಯದು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರದು. ಎರಡನೆಯದು ಜನತಾದಳ (ಜಾತ್ಯತೀತ) ಪಕ್ಷದ ಎ.ಆರ್. ಕೃಷ್ಣಮೂರ್ತಿ ಅವರದು. ವ್ಯತ್ಯಾಸ ಎಷ್ಟು ಅಂತ ಸ್ಲೇಟು ಹಿಡಿದ ಮಗುವೂ ಹೇಳುತ್ತೆ. ಒಂದು. ಬರೀ ಒಂದು.

ಆ ಒಂದು ಓಟಿನ ಕಥೆ ದೇಶಕ್ಕೆಲ್ಲ ಗೊತ್ತು. ದಿಲ್ಲಿಯ ಇಂಗ್ಲಿಷ್ ಪತ್ರಿಕೆಗಳವರೂ ಚುನಾವಣೆ ಬಂದಾಗಲೆಲ್ಲ ಸಂತೇಮರಹಳ್ಳಿ ಹೆಸರು ಬರೆಯುತ್ತಾರೆ. ಆದರೆ ಅದೇ ಸಂತೇಮರಹಳ್ಳಿ ಕ್ಷೇತ್ರ ನಾಲ್ಕೇ ವರ್ಷದಲ್ಲಿ ನಕ್ಷೆಯಿಂದ ಅಳಿಸಿಹೋಯಿತಲ್ಲ, ಆ ಕಥೆ ಎಷ್ಟು ಜನಕ್ಕೆ ಗೊತ್ತು? ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನು ಕೇಳಿದರೆ, ಓಟಿನ ಕಥೆ ಹತ್ತೂ ಜನ ಹೇಳುತ್ತಾರೆ. ಕ್ಷೇತ್ರ ಯಾಕೆ ಹೋಯ್ತು ಅಂದರೆ, 'ಅದೇನೋ ಮೇಲಿಂದ ಆದೇಶ ಬಂತಂತೆ ಕಣಪ್ಪ' ಅನ್ನುವವರೇ ಹೆಚ್ಚು. ಆ 'ಮೇಲಿಂದ' ಅನ್ನುವುದು ಇನ್ನೊಮ್ಮೆ ಬರುವ ಕಾಲ ದೂರವಿಲ್ಲ. ಆದ್ದರಿಂದ ಈ ಹಳೇ ಲೆಕ್ಕವನ್ನು ಈಗ ಬಿಚ್ಚಬೇಕಾಗಿದೆ.

ಡ್ರೈವರ್ ಓಟು ಹಾಕಿದ್ದಿದ್ದರೆ?

2004ರ ಮೇ 13ರಂದು ಎಣಿಕೆ. ಮತಯಂತ್ರ ಬಂದಿದ್ದ ಕಾಲ. ಬ್ಯಾಲೆಟ್ ಪೇಪರಿನ ದಿನಗಳಲ್ಲಾಗಿದ್ದರೆ ಒಂದು ಓಟಿನ ಅಂತರಕ್ಕೆ ಮಸಿ ಎಲ್ಲಿ ಬಿತ್ತು, ಮುದ್ರೆ ಗೆರೆ ದಾಟಿತೋ ಇಲ್ಲವೋ ಅಂತ ಏಜೆಂಟರು ರಾತ್ರಿಯಿಡೀ ಕಿತ್ತಾಡುತ್ತಿದ್ದರು. ಯಂತ್ರದ ಜೊತೆ ವಾದ ಮಾಡುವುದು ಕಷ್ಟ. ಅದು ತೋರಿಸಿದ್ದೇ ಲೆಕ್ಕ.

ಆಮೇಲೆ ಹಬ್ಬಿದ್ದೇ ಡ್ರೈವರ್ ಕಥೆ. ಕೃಷ್ಣಮೂರ್ತಿ ಅವರ ಕಾರಿನ ಚಾಲಕನಿಗೆ ಮತದಾನದ ದಿನ ಪುರುಸೊತ್ತೇ ಸಿಗಲಿಲ್ಲವಂತೆ, ಓಟು ಹಾಕೋಕೆ ಆಗಲಿಲ್ಲವಂತೆ ಅಂತ ಪತ್ರಿಕೆಗಳಲ್ಲೂ ಬಂತು. ಅಂದಿನಿಂದ ಇಂದಿನವರೆಗೂ ಹೋಟೆಲು, ಕ್ಷೌರದಂಗಡಿ, ಬಸ್ಸು ಎಲ್ಲ ಕಡೆ ಇದೇ ಮಾತು: 'ಆ ಡ್ರೈವರ್ ಒಬ್ಬ ಓಟಾಕಿದ್ರೆ ಕೃಷ್ಣಮೂರ್ತಿ ಗೆದ್ಬುಡೋರು.'

ಇಲ್ಲೇ ಎಲ್ಲರೂ ಎಡವುವುದು. ಲೆಕ್ಕ ಹಾಕಿ ನೋಡಲಿ. ಇನ್ನೊಂದು ಓಟು ಬಿದ್ದಿದ್ದರೆ 40,752 ಮತ್ತು 40,752. ಗೆಲುವಲ್ಲ, ಸಮಸಮ. ಸಮ ಆದಾಗ ಏನು ಮಾಡಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮು ಹೇಳುತ್ತದೆ: ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಯಾರ ಹೆಸರು ಬರುತ್ತದೋ ಅವರಿಗೆ ಒಂದು ಓಟು ಹೆಚ್ಚು ಬಿತ್ತು ಅಂತ ಲೆಕ್ಕ. ಅಂದರೆ 81,503 ಓಟುಗಳ ಜಗಳ ಕೊನೆಗೆ ಮಡಿಚಿದ ಒಂದು ಕಾಗದದ ಚೂರಿನ ಮೇಲೆ ನಿಲ್ಲುತ್ತಿತ್ತು. ಖಾತ್ರಿಯಾಗಿ ಗೆಲ್ಲಬೇಕಾದರೆ ಕೃಷ್ಣಮೂರ್ತಿ ಅವರಿಗೆ ಇನ್ನೂ ಎರಡು ಓಟು ಬೇಕಿತ್ತು. ಎಲ್ಲ ಪಾಪವನ್ನೂ ಒಬ್ಬ ಬಡ ಡ್ರೈವರನ ತಲೆಗೆ ಕಟ್ಟುವುದು ಸುಲಭ. ಅವತ್ತು ಹೊಲದಲ್ಲೇ ಉಳಿದವರು, ಬೆಂಗಳೂರಿನ ಕೂಲಿಯಿಂದ ಬಾರದವರು, 'ನನ್ನ ಒಂದು ಓಟಿಂದ ಏನಾಗುತ್ತೆ' ಅಂತ ಜಗಲಿ ಮೇಲೆ ಕೂತವರು ಎಷ್ಟು ಸಾವಿರವೋ! ಅವರ ಹೆಸರು ಯಾರೂ ಎತ್ತಲಿಲ್ಲ.

ಇನ್ನೂ ಒಂದು ತಮಾಷೆ. ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಭಾಜಪಕ್ಕೆ 79, ಕಾಂಗ್ರೆಸ್ಸಿಗೆ 65, ದಳಕ್ಕೆ 58. ಸಂತೇಮರಹಳ್ಳಿಯಲ್ಲಿ ಒಂದು ಓಟಿಗಾಗಿ ಜಗ್ಗಾಡಿದ ಎರಡು ಪಕ್ಷಗಳೇ ಅದೇ ಮೇ ತಿಂಗಳಲ್ಲಿ ಕೈ ಕೈ ಹಿಡಿದು ಧರ್ಮಸಿಂಗ್ ಅವರ ಸರ್ಕಾರ ಕಟ್ಟಿದವು. ಊರಲ್ಲಿ ಮಾತ್ರ ಆ ಪಾರ್ಟಿ ಈ ಪಾರ್ಟಿ ಅಂತ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದು ಬಿಟ್ಟಹಾಗೇ ಇತ್ತು.

ರಾಚಯ್ಯನವರ ಕ್ಷೇತ್ರ

ಒಂದು ಓಟಿಗಿಂತ ಮೊದಲೂ ಸಂತೇಮರಹಳ್ಳಿ ಸಣ್ಣ ಹೆಸರಲ್ಲ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲದ ಕಡೆ ಹೋಗುವ ಬಸ್ಸುಗಳೆಲ್ಲ ಹಾಯುವ ಊರು. ಹೆಸರಲ್ಲೇ ಸಂತೆ ಇದೆ. 1978ರಲ್ಲಿ ವಿಧಾನಸಭೆಗೆ 224 ಸ್ಥಾನ ಎಂದಾದಾಗ ಅದರಲ್ಲಿ ಸಂತೇಮರಹಳ್ಳಿಯೂ ಒಂದು, ಪರಿಶಿಷ್ಟ ಜಾತಿಗೆ ಮೀಸಲು.

ಹಳಬರಿಗೆ ಸಂತೇಮರಹಳ್ಳಿ ಅಂದರೆ ಬಿ. ರಾಚಯ್ಯ. ಚಾಮರಾಜನಗರ ಸೀಮೆಯ ಆಲೂರಿನವರು. ಕಾಂಗ್ರೆಸ್ಸಿನಲ್ಲಿ ಬೆಳೆದು, 1977ರಲ್ಲಿ ಚಾಮರಾಜನಗರದಿಂದ ಲೋಕಸಭೆಗೂ ಹೋಗಿಬಂದವರು. 1983ರಲ್ಲಿ ಜನತಾ ಪಕ್ಷದಿಂದ ಸಂತೇಮರಹಳ್ಳಿಯಲ್ಲಿ ಗೆದ್ದರು. 1985ರಲ್ಲಿ ಮತ್ತೆ ಗೆದ್ದರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಮಂತ್ರಿ. 1990ರಲ್ಲಿ ಹಿಮಾಚಲ ಪ್ರದೇಶದ ರಾಜ್ಯಪಾಲರು, ಅದೇ ವರ್ಷದ ಕೊನೆಗೆ ಕೇರಳದ ರಾಜ್ಯಪಾಲರು. 1995ರವರೆಗೆ ಅಲ್ಲೇ ಇದ್ದರು.

ಒಂದು ಹೋಬಳಿ ಊರಿನ ಹೆಸರಿನ ಮೀಸಲು ಕ್ಷೇತ್ರ ರಾಜಭವನಕ್ಕೆ ಮನುಷ್ಯನನ್ನು ಕಳಿಸಿತು ಅಂದರೆ ಹುಡುಗಾಟವೆ? ಜಿಲ್ಲೆಯಾಗುವ ಮೊದಲು, ಅಂದರೆ 1997ಕ್ಕಿಂತ ಮುಂಚೆ, ಇದೆಲ್ಲ ಮೈಸೂರು ಜಿಲ್ಲೆಯ ಮೂಲೆ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅಂತ ಮುಖ್ಯಮಂತ್ರಿಗಳೇ ಹೆದರಿ ಬೆಂಗಳೂರಲ್ಲೇ ಕೂರುತ್ತಿದ್ದ ಕಾಲ ಅದು. ಆ ಹೆದರಿಕೆ ಮುರಿದು ಸಿದ್ದರಾಮಯ್ಯ ಬಂದಿದ್ದು 2013ರಲ್ಲಿ. ದೊಡ್ಡವರು ಊರಿಗೇ ಬಾರದಿದ್ದಾಗ, ಊರಿನ ಮಾತನ್ನು ದೊಡ್ಡವರ ಹತ್ತಿರ ಒಯ್ಯುವವರು ಶಾಸಕರೇ. ಅವರ ಸಂಖ್ಯೆ ಒಂದು ಕಮ್ಮಿ ಆದರೂ ಅದು ನಷ್ಟವೇ.

1994ರಲ್ಲಿ ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ ಜನತಾದಳದಿಂದ ಗೆದ್ದರು. 1999ರಲ್ಲೂ ಗೆದ್ದರು. ಮೂರನೇ ಸಲ ನಿಂತಾಗಲೇ ಆ ಒಂದು ಓಟು ಅಡ್ಡ ಬಂದದ್ದು. ಎದುರಿಗೆ ನಿಂತಿದ್ದ ಧ್ರುವನಾರಾಯಣ ಕೃಷಿ ವಿಜ್ಞಾನ ಓದಿದವರು, ಇದೇ ಜಿಲ್ಲೆಯವರು. 2007ರ ನವೆಂಬರಿನಲ್ಲಿ ವಿಧಾನಸಭೆ ವಿಸರ್ಜನೆಯಾಯಿತು. ಅಲ್ಲಿಗೆ ಧ್ರುವನಾರಾಯಣ ಸಂತೇಮರಹಳ್ಳಿಯ ಕಡೇ ಶಾಸಕರಾದರು. ಅವರ ಹಿಂದೆ ಆ ಕುರ್ಚಿಯನ್ನೇ ಎತ್ತಿಬಿಟ್ಟರು.

ಅದೇ ಇಬ್ಬರು, ಬೇರೆ ಅಖಾಡ

ಕ್ಷೇತ್ರ ಹೋದರೂ ಜಟ್ಟಿಗಳು ಹೋಗಲಿಲ್ಲ. 2008ರಲ್ಲಿ ಧ್ರುವನಾರಾಯಣ ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಹೋಗಿ ಗೆದ್ದರು. ಮರುವರ್ಷ ಲೋಕಸಭೆಗೆ ನಿಂತರು. ಎದುರಿಗೆ ಯಾರು? ಅದೇ ಕೃಷ್ಣಮೂರ್ತಿ, ಈ ಸಲ ಭಾಜಪದಿಂದ. ಸುಮಾರು 4 ಸಾವಿರ ಓಟಿಗೆ ಧ್ರುವನಾರಾಯಣ ಗೆದ್ದರು. 2014ರಲ್ಲಿ ಮತ್ತೆ ಅದೇ ಜೋಡಿ. ಆಗ ಅಂತರ 1 ಲಕ್ಷ 41 ಸಾವಿರ. ಒಂದರಿಂದ ನಾಲ್ಕು ಸಾವಿರ, ನಾಲ್ಕು ಸಾವಿರದಿಂದ ಲಕ್ಷ. ಸಂತೇಮರಹಳ್ಳಿಯಲ್ಲಿ ಶುರುವಾದ ಕುಸ್ತಿ ಇಡೀ ಲೋಕಸಭಾ ಕ್ಷೇತ್ರಕ್ಕೆ ಹರಡಿತು.

ಆದರೆ ಓಟಿನ ಲೀಲೆ ನೋಡಿ. 2019ರಲ್ಲಿ ಅದೇ ಧ್ರುವನಾರಾಯಣ ವಿ. ಶ್ರೀನಿವಾಸಪ್ರಸಾದ್ ಅವರೆದುರು 1,817 ಓಟಿಗೆ ಸೋತರು. ಲೋಕಸಭೆಯ ಲೆಕ್ಕದಲ್ಲಿ 1,817 ಅಂದರೆ ಹಳ್ಳಿಗೆರಡು ಮೂರು ಓಟು. ಒಂದು ಓಟಿಗೆ ಗೆದ್ದವರಿಗೂ ಕೂದಲೆಳೆಯ ಸೋಲು ತಪ್ಪಲಿಲ್ಲ.

ಇತ್ತ ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದರು. ಅಲ್ಲಿಗೆ 2004ರ ಎದುರಾಳಿಗಳಿಬ್ಬರೂ ಒಂದೇ ಪಕ್ಷ. 2018ರಲ್ಲಿ ಕೊಳ್ಳೇಗಾಲದಲ್ಲಿ ನಿಂತು ಬಿಎಸ್ಪಿಯ ಎನ್. ಮಹೇಶ್ ಎದುರು 19,454 ಓಟಿಗೆ ಸೋತರು. ಆ ಗೆಲುವಿನಿಂದ ಮಹೇಶ್ ರಾಜ್ಯದಲ್ಲಿ ಬಿಎಸ್ಪಿಯ ಏಕೈಕ ಶಾಸಕರಾಗಿ, ಮಂತ್ರಿಯೂ ಆದರು. 2023ರ ಮಾರ್ಚ್ 11ರಂದು ಧ್ರುವನಾರಾಯಣ ಹೃದಯಾಘಾತದಿಂದ ತೀರಿಕೊಂಡರು. ಎರಡು ತಿಂಗಳಲ್ಲಿ ಚುನಾವಣೆ. ಅವರ ಮಗ ದರ್ಶನ್ ನಂಜನಗೂಡಿನಲ್ಲಿ ಗೆದ್ದರು. ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿ 59,519 ಓಟುಗಳ ಅಂತರದಲ್ಲಿ ಗೆದ್ದು ಕಡೆಗೂ ವಿಧಾನಸೌಧ ಹತ್ತಿದರು. ಒಂದು ಓಟಿಗೆ ತಪ್ಪಿದ್ದು ಕೈಗೆ ಬರಲು 19 ವರ್ಷ ಹಿಡಿಯಿತು.

2008ರಿಂದ ಈಚೆಗೆ ಕೊಳ್ಳೇಗಾಲದವರು 2009ರ ಉಪಚುನಾವಣೆಯೂ ಸೇರಿ ಐದು ಸಲ ಶಾಸಕರನ್ನು ಆರಿಸಿದ್ದಾರೆ. ಕಾಂಗ್ರೆಸ್, ಭಾಜಪ, ಕಾಂಗ್ರೆಸ್, ಬಿಎಸ್ಪಿ, ಕಾಂಗ್ರೆಸ್. ಒಂದೇ ಪಕ್ಷಕ್ಕೆ ಬೆನ್ನುಬೆನ್ನಿಗೆ ಎರಡು ಸಲ ಕೊಟ್ಟಿಲ್ಲ. ಈ ಕಡೆಯ ಮತದಾರರು ಕಣ್ಣುಮುಚ್ಚಿ ಒತ್ತುವವರಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟು ಎಚ್ಚರದ ಮತದಾರರನ್ನೇ, ಅವರ ಕ್ಷೇತ್ರ ಇರಬೇಕೋ ಬೇಡವೋ ಅಂತ ಮಾತ್ರ ಯಾರೂ ಓಟಿಗೆ ಹಾಕಿ ಕೇಳಲಿಲ್ಲ.

ಐದು ನಾಲ್ಕಾದ ಗಣಿತ

ಕ್ಷೇತ್ರ ಹೋದದ್ದು ಯಾರದೋ ಹಗೆಯಿಂದ ಅಂತ ಅನ್ನುವವರಿದ್ದಾರೆ. ಆ ಪಾರ್ಟಿ ಮಾಡಿಸಿತು, ಈ ಲೀಡರ್ ತೆಗೆಸಿದ ಅಂತ ಹೋಟೆಲಿನಲ್ಲಿ ಮಾತಿಗೇನು ಬರ? ಆದರೆ ಗಣಿತ ಬೇರೆ ಹೇಳುತ್ತದೆ. ಅಂಗಡಿಯವರಿಗೆ ಲೆಕ್ಕ ಹೊಸದಲ್ಲ, ಪೆನ್ಸಿಲ್ ಹಿಡಿದು ಹಾಕಿ ನೋಡಬಹುದು.

2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿ ಹಿಡಿದು ಕ್ಷೇತ್ರಗಳ ಗಡಿ ಬದಲಿಸಿತು. ರಾಜ್ಯದ ಜನ 5 ಕೋಟಿ 28 ಲಕ್ಷ. ಸ್ಥಾನ 224. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ. ಚಾಮರಾಜನಗರ ಜಿಲ್ಲೆಯ ಜನ 9 ಲಕ್ಷ 65 ಸಾವಿರ. ಮತ್ತೆ ಭಾಗಿಸಿದರೆ ನಾಲ್ಕು ಚಿಲ್ಲರೆ. ಇದ್ದದ್ದು ಐದು: ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು, ಸಂತೇಮರಹಳ್ಳಿ. ಒಂದು ಹೋಗಲೇಬೇಕಾಯಿತು. ಹೋದದ್ದು ಸಂತೇಮರಹಳ್ಳಿ.

ಅತ್ತ ಬೆಂಗಳೂರು ನಗರ ಜಿಲ್ಲೆಯಲ್ಲಿ 65 ಲಕ್ಷ ಜನ. ಅದೇ ಲೆಕ್ಕಕ್ಕೆ 27 ಮುಕ್ಕಾಲು. ಸಿಕ್ಕಿದ್ದು 28. ಇತ್ತ ಹಳ್ಳಿ ಕಡೆ ಸಾತನೂರು, ಕೆರಗೋಡು, ಕಿರುಗಾವಲು, ಬನ್ನೂರು, ಗಂಡಸಿ, ಹುಲಿಯೂರುದುರ್ಗ, ಕಳ್ಳಂಬೆಳ್ಳ, ಬೇತಮಂಗಲ ಅಂತ ಹೋಬಳಿ ಊರುಗಳ ಹೆಸರಿನ ಕ್ಷೇತ್ರಗಳು ಸಾಲಾಗಿ ಮಾಯವಾದವು. 2008ರ ಫೆಬ್ರವರಿಯಲ್ಲಿ ಆದೇಶ ಜಾರಿಯಾಯಿತು. ಹೊಸ ಗಡಿಯಂತೆ ವಿಧಾನಸಭೆಗೆ ಮೊದಲು ಚುನಾವಣೆ ನಡೆದ ರಾಜ್ಯವೇ ಕರ್ನಾಟಕ, ಅದೇ ವರ್ಷದ ಮೇ ತಿಂಗಳಲ್ಲಿ.

ನಗರದವರ ವಾದವನ್ನೂ ಕೇಳಬೇಕು. ನ್ಯಾಯ ಅಂದಮೇಲೆ ತಕ್ಕಡಿಗೆ ಎರಡು ತಟ್ಟೆ. ಹಳೇ ಗಡಿ ಹಾಗೇ ಇದ್ದರೆ ಬೆಂಗಳೂರಿನ ಉತ್ತರಹಳ್ಳಿಯಂಥ ಕ್ಷೇತ್ರದಲ್ಲಿ ಲಕ್ಷ ಲಕ್ಷ ಜನಕ್ಕೆ ಒಬ್ಬ ಶಾಸಕ, ಇಲ್ಲಿ ಅದರ ಒಂದು ತುಣುಕಿನಷ್ಟು ಜನಕ್ಕೆ ಒಬ್ಬ ಶಾಸಕ. ಅಲ್ಲಿನವನ ಓಟಿನ ತೂಕ ಕಮ್ಮಿ, ಇಲ್ಲಿನವನದು ಜಾಸ್ತಿ. ಒಂದು ಓಟಿಗೆ ಒಂದೇ ತೂಕ ಇರಬೇಕು ಅನ್ನುವುದು ತಪ್ಪೆ? ತಪ್ಪಲ್ಲ. ಅದರಲ್ಲೂ ಬೆಂಗಳೂರಿನ ಆ ಲಕ್ಷಗಳಲ್ಲಿ ಈ ಸೀಮೆಯಿಂದ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ, ಹೋಟೆಲಿಗೆ ಹೋದ ಮಕ್ಕಳೂ ಇದ್ದಾರೆ. ಜನ ಹೋದ ಕಡೆ ಕುರ್ಚಿಯೂ ಹೋಯಿತು, ಅಷ್ಟೆ.

ಹಾಗಾದರೆ ತಕರಾರು ಏನು? ತಕರಾರು ಗಣಿತದ್ದಲ್ಲ. ಗೆರೆ ಎಲ್ಲಿ ಎಳೆದರು ಅನ್ನುವುದರದ್ದು.

ಕಚೇರಿಗೆ ಒಂದು ಬಸ್ಸು, ಶಾಸಕರಿಗೆ ಇನ್ನೊಂದು

ಕ್ಷೇತ್ರ ಹೋದಮೇಲೆ ಸಂತೇಮರಹಳ್ಳಿ ಹೋಬಳಿಯನ್ನು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿಸಿದರು. ಹೋಬಳಿ ಇರುವುದು ಚಾಮರಾಜನಗರ ತಾಲ್ಲೂಕಿನಲ್ಲಿ. ಈಗ ಒಬ್ಬ ರೈತನ ಪಾಡು ನೋಡಿ. ಪಹಣಿ ತಿದ್ದುಪಡಿಗೆ ತಹಸೀಲ್ದಾರರನ್ನು ಕಾಣಬೇಕಾದರೆ ಚಾಮರಾಜನಗರದ ಬಸ್ಸು. ಅಲ್ಲಿ ಕೆಲಸ ಆಗದೆ ಶಾಸಕರಿಂದ ಒಂದು ಮಾತು ಹೇಳಿಸಬೇಕಾದರೆ ಎದುರು ದಿಕ್ಕಿನ ಕೊಳ್ಳೇಗಾಲದ ಬಸ್ಸು. ರಸ್ತೆಯ ಈ ಕಡೆ ನಿಂತರೆ ಸರ್ಕಾರ, ಆ ಕಡೆ ನಿಂತರೆ ಜನಪ್ರತಿನಿಧಿ. ಎರಡೂ ಕಡೆ ಟಿಕೆಟ್ ತೆಗೆಯುವವನು ಮಾತ್ರ ಅದೇ ರೈತ.

ಕ್ಷೇತ್ರದ ಗಡಿ ಹಾಕುವಾಗ ಇರುವ ಆಡಳಿತ ಘಟಕಗಳ ಗಡಿ, ಸಂಪರ್ಕದ ಅನುಕೂಲ, ಸಾರ್ವಜನಿಕರ ಅನುಕೂಲ ಇವನ್ನೆಲ್ಲ ಆದಷ್ಟೂ ನೋಡಬೇಕು ಅಂತ 2002ರ ಕಾಯ್ದೆಯಲ್ಲೇ ಬರೆದಿದೆ. ಅನುಕೂಲ ಯಾರಿಗಾಯಿತು ಅನ್ನುವುದನ್ನು ಸಂತೇಮರಹಳ್ಳಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದವರು ಹೇಳಲಿ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಜಿಲ್ಲೆಯ ಜನರಲ್ಲಿ ಹೆಚ್ಚುಕಡಮೆ ಕಾಲು ಭಾಗ ಪರಿಶಿಷ್ಟ ಜಾತಿಯವರು. 2008ಕ್ಕೆ ಮೊದಲು ಇಲ್ಲಿ ಎರಡು ಮೀಸಲು ಕ್ಷೇತ್ರ, ಕೊಳ್ಳೇಗಾಲ ಮತ್ತು ಸಂತೇಮರಹಳ್ಳಿ. ಈಗ ಕೊಳ್ಳೇಗಾಲ ಒಂದೇ. ರಾಜ್ಯದ ಒಟ್ಟು ಲೆಕ್ಕದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ 33ರಿಂದ 36ಕ್ಕೆ ಏರಿತು. ರಾಜ್ಯದಲ್ಲಿ ಏರಿದ್ದು, ರಾಚಯ್ಯನವರ ಸೀಮೆಯಲ್ಲಿ ಅರ್ಧಕ್ಕೆ ಇಳಿಯಿತು. ಎರಡು ಕಡೆ ಇಬ್ಬರು ಬೆಳೆಯಬಹುದಾಗಿದ್ದ ಜಾಗದಲ್ಲಿ ಈಗ ಒಂದೇ ಬಾಗಿಲಿಗೆ ಎಲ್ಲರ ನೂಕುನುಗ್ಗಲು.

ಆಗ ಯಾರಾದರೂ ಬಾಯಿ ಬಿಟ್ಟರೆ? ಕಾಯ್ದೆಯಲ್ಲಿ ಅದಕ್ಕೂ ದಾರಿ ಇದೆ. ಆಯೋಗ ಕರಡನ್ನು ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಬಹಿರಂಗ ಸಭೆ ನಡೆಸಬೇಕು. ಪ್ರತಿ ರಾಜ್ಯದಿಂದ ಐದು ಸಂಸದರು, ಐದು ಶಾಸಕರು ಸಹಸದಸ್ಯರಾಗಿ ಕೂರಬಹುದು. ಮಾತಾಡಬಹುದು, ಓಟು ಹಾಕುವಂತಿಲ್ಲ. ಆದರೆ ಕರಡು ಪ್ರಕಟವಾಗುವುದು ಗೆಜೆಟ್ಟಿನಲ್ಲಿ. ಗೆಜೆಟ್ ಓದುವ ಅಂಗಡಿಯವರು ಎಷ್ಟು ಜನ? ಬಸ್ಸಿನಲ್ಲಿ ಗೆಜೆಟ್ ಮಾರುವ ಹುಡುಗನನ್ನು ಯಾರಾದರೂ ಕಂಡಿದ್ದಾರಾ? ಕಡೇ ಆದೇಶ ಹೊರಬಿದ್ದರೆ ಅದಕ್ಕೆ ಕಾನೂನಿನ ಬಲ. ಆಮೇಲೆ ಕೋರ್ಟಿಗೆ ಹೋಗಿ ಗೆದ್ದು ಬರುವುದು ಕಲ್ಲಿನಲ್ಲಿ ನಾರು ತೆಗೆದ ಹಾಗೆ.

ನಾಲ್ಕು ಉಳಿಯುತ್ತಾ?

ಹಳೇ ಕಥೆ ಇಷ್ಟು. ಹೊಸ ಕಥೆಗೆ ಇನ್ನೊಂದು ಭಾಗಾಕಾರ ಸಾಕು.

2011ರ ಜನಗಣತಿ ಹಿಡಿದು ನೋಡಿ. ರಾಜ್ಯದ ಜನ 6 ಕೋಟಿ 11 ಲಕ್ಷ. 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ 2 ಲಕ್ಷ 73 ಸಾವಿರ. ಚಾಮರಾಜನಗರ ಜಿಲ್ಲೆಯ ಜನ 10 ಲಕ್ಷ 21 ಸಾವಿರ. ಬರುವುದು ನಾಲ್ಕಕ್ಕೆ ಕಾಲು ಕಮ್ಮಿ. ಬೆಂಗಳೂರು ನಗರ ಜಿಲ್ಲೆ 96 ಲಕ್ಷ ದಾಟಿತ್ತು. ಅದಕ್ಕೆ ಬರುವುದು 35. ಹತ್ತು ವರ್ಷದಲ್ಲಿ ರಾಜ್ಯದ ಜನ ನೂರಕ್ಕೆ ಹದಿನೈದರ ಮೇಲೆ ಬೆಳೆದರೆ, ಈ ಜಿಲ್ಲೆ ನೂರಕ್ಕೆ ಆರೂ ಬೆಳೆಯಲಿಲ್ಲ. ಮಕ್ಕಳು ಕಮ್ಮಿ ಮಾಡಿಕೊಳ್ಳಿ ಅಂತ ಸರ್ಕಾರ ಹೇಳಿದ್ದನ್ನು ಕೇಳಿದ್ದಕ್ಕೋ, ಮಳೆ ನೆಚ್ಚಿ ಬದುಕಲಾರದೆ ಊರು ಬಿಟ್ಟದ್ದಕ್ಕೋ, ಎರಡಕ್ಕೂ ಬೆಲೆ ತೆರುವುದು ಒಂದೇ ಜೇಬಿನಿಂದ.

2026ರ ನಂತರದ ಮೊದಲ ಜನಗಣತಿಯ ಅಂಕಿ ಬರುವ ತನಕ ಸ್ಥಾನಗಳ ಸಂಖ್ಯೆ ಮುಟ್ಟಬಾರದು ಅಂತ ಸಂವಿಧಾನದ 84ನೇ ತಿದ್ದುಪಡಿ ಬೀಗ ಹಾಕಿತ್ತು. 2027ರ ಜನಗಣತಿಗೆ 2025ರ ಜೂನ್‌ನಲ್ಲೇ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ವಿಧಾನಸಭೆಯ ಸ್ಥಾನ 224ರಲ್ಲೇ ನಿಂತು, ಈ ಜಿಲ್ಲೆಯ ಪಾಲು ಮೂರೂವರೆಗಿಂತ ಕೆಳಗೆ ಜಾರಿದರೆ ನಾಲ್ಕು ಮೂರಾಗುವ ಭಯ ಬರೀ ಭಯವಲ್ಲ. ಆಗ ಹೋಗುವ ಹೆಸರು ಯಾವುದು? ಹನೂರೋ? ಗುಂಡ್ಲುಪೇಟೆಯೋ? ಗಡಿ ಕಾಡಿನ ಪೋಡು, ಮಹದೇಶ್ವರ ಬೆಟ್ಟದ ತಪ್ಪಲಿನ ಹಳ್ಳಿ ಎಲ್ಲ ಸೇರಿಸಿ ಒಬ್ಬರ ಕೈಗೆ ಕೊಟ್ಟರೆ ಆ ಶಾಸಕ ಮನಸ್ಸು ಮಾಡಿದರೂ ಎಷ್ಟು ಹಳ್ಳಿ ಸುತ್ತಿಯಾರು? ಓಟಿನ ತೂಕ ಸಮ ಆಗಬೇಕು ನಿಜ. ಬೆಂಗಳೂರಿನ ಶಾಸಕ ನಾಲ್ಕು ರಸ್ತೆ ನಡೆದು ಮುಗಿಸುವ ಕ್ಷೇತ್ರವನ್ನೂ, ಇಲ್ಲಿನ ಶಾಸಕ ಘಾಟಿ ಹತ್ತಿ ಇಳಿಯಬೇಕಾದ ಕ್ಷೇತ್ರವನ್ನೂ ತಲೆ ಎಣಿಸಿ ಮಾತ್ರ ಅಳೆಯುವುದು ಸಾಲದು ಅನ್ನುವುದೂ ಅಷ್ಟೇ ನಿಜ.

ಮಾಡಬೇಕಾದ್ದು ಎರಡೇ ಕೆಲಸ

ಒಂದು, ಮುಂದಿನ ಕರಡು ಬಂದ ದಿನ ಅದು ಗೆಜೆಟ್ಟಿನಲ್ಲಿ ಮಲಗಬಾರದು. ಪ್ರತಿ ಗ್ರಾಮ ಪಂಚಾಯ್ತಿ ಬೋರ್ಡಿನಲ್ಲಿ, ಪ್ರತಿ ಬಸ್ ನಿಲ್ದಾಣದಲ್ಲಿ, ಕನ್ನಡದಲ್ಲಿ, ನಕ್ಷೆ ಸಮೇತ ಅಂಟಿಸಬೇಕು. ಜಿಲ್ಲಾಡಳಿತ ಅಂಟಿಸದಿದ್ದರೆ ವರ್ತಕರ ಸಂಘಗಳೇ ಅಂಟಿಸಲಿ. ಯಾವ ಹೋಬಳಿ ಯಾವ ತಾಲ್ಲೂಕಿನದು, ಯಾವ ಕ್ಷೇತ್ರಕ್ಕೆ ಹೋಗುತ್ತದೆ, ಕಚೇರಿಗೆ ಎಷ್ಟು ಬಸ್ಸು, ಶಾಸಕರ ಊರಿಗೆ ಎಷ್ಟು ಬಸ್ಸು ಅಂತ ಪಂಚಾಯ್ತಿಗಳು ಬರೆದು ಆಕ್ಷೇಪಣೆ ಕೊಡಲಿ. ಬಹಿರಂಗ ಸಭೆಗೆ ಲೀಡರುಗಳ ಹಿಂಬಾಲಕರು ಮಾತ್ರ ಹೋಗಿ ಕೂರುವುದು ನಿಲ್ಲಲಿ. ಪಕ್ಷದವರು ತಮ್ಮ ಪಕ್ಷಕ್ಕೆ ಲಾಭ ಆಗುವ ಗೆರೆ ಕೇಳುತ್ತಾರೆ. ಬಸ್ಸಿನಲ್ಲಿ ಓಡಾಡುವವರ ಗೆರೆಯನ್ನು ಬಸ್ಸಿನಲ್ಲಿ ಓಡಾಡುವವರೇ ಕೇಳಬೇಕು.

ಎರಡು, ಮತದಾನದ ದಿನ. ಇದು ಅಂಗಡಿ ಮಾಲೀಕರಿಗೆ, ಗಾಡಿ ಮಾಲೀಕರಿಗೆ ನೇರವಾಗಿ ಹೇಳುವ ಮಾತು. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನಂತೆ ಅಂಗಡಿ, ವ್ಯಾಪಾರ, ಕಾರ್ಖಾನೆ ಯಾವುದರಲ್ಲೇ ಕೆಲಸ ಮಾಡುವ ಮತದಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಕೊಡಬೇಕು. ಕೊಡದ ಮಾಲೀಕನಿಗೆ 500 ರೂಪಾಯಿವರೆಗೆ ದಂಡ. 500 ರೂಪಾಯಿಗೆ ಈಗ ಯಾರೂ ಹೆದರುವುದಿಲ್ಲ, ಸರಿ. 1996ರಲ್ಲಿ ಬರೆದ ದಂಡವನ್ನು ಹೆಚ್ಚಿಸದೆ ಬಿಟ್ಟದ್ದು ಸರ್ಕಾರದ ಸೋಮಾರಿತನ. ಆದರೆ ಕಿರಾಣಿ ಅಂಗಡಿಯಲ್ಲಿ ಮೂಟೆ ಎತ್ತುವ ಹುಡುಗ, ಹೋಟೆಲಿನ ಸಪ್ಲೈಯರ್, ಲಾರಿ ಕ್ಲೀನರ್, ಬಾಡಿಗೆ ಕಾರಿನ ಡ್ರೈವರ್ ಇವರ ಊರು ಬೇರೆ, ದುಡಿಯುವ ಜಾಗ ಬೇರೆ. ಬೆಳಿಗ್ಗೆ ಬಿಟ್ಟರೆ ಹೋಗಿ ಬರುತ್ತಾರೆ. ಸಂಜೆ ನಾಲ್ಕಕ್ಕೆ ಬಿಟ್ಟರೆ ಊರಿಗೆ ಹೋಗುವ ಬಸ್ಸೇ ಸಿಗುವುದಿಲ್ಲ. ಚುನಾವಣೆ ಕೆಲಸಕ್ಕೆ ನೇಮಕವಾದ ಸರ್ಕಾರಿ ನೌಕರನಿಗೆ ಅಂಚೆ ಓಟು ಇದೆ. ಅಭ್ಯರ್ಥಿಯ ಕಾರು ಓಡಿಸುವವನಿಗೆ ಅದೂ ಇಲ್ಲ. ದಿನವಿಡೀ ಬೇರೆಯವರನ್ನು ಓಟಿಗೆ ಕರೆತಂದು ತನ್ನ ಓಟು ಬಿಟ್ಟ ಚಾಲಕರು ಒಂದು ಕ್ಷೇತ್ರಕ್ಕೆ ಒಬ್ಬರೇ ಇರುತ್ತಾರಾ?

ಒಂದು ಓಟು ದೇಶದ ಸರ್ಕಾರವನ್ನೇ ಉರುಳಿಸಿದ್ದಿದೆ. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ 269ಕ್ಕೆ 270 ಬಿದ್ದು ವಾಜಪೇಯಿ ಸರ್ಕಾರ ಹೋಯಿತು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಅಲ್ಲಿನ ಕಾಂಗ್ರೆಸ್ ಅಧ್ಯಕ್ಷ ಸಿ.ಪಿ. ಜೋಶಿ ಒಂದೇ ಓಟಿಗೆ ಸೋತರು. ಬೆಂಗಳೂರಿನ ಜಯನಗರದಲ್ಲಿ 2023ರ ಅಂತರ 16 ಓಟು, ಒಂದು ವಠಾರದ ಜನ. ಆದ್ದರಿಂದ 'ನನ್ನ ಒಂದು ಓಟಿಂದ ಏನಾಗುತ್ತೆ' ಅನ್ನುವ ಮಾತನ್ನು ಇನ್ನು ಯಾರೇ ಆಡಲಿ, ಚಾಮರಾಜನಗರ ಜಿಲ್ಲೆಯವರು ಆಡಬಾರದು.

ಸಂತೇಮರಹಳ್ಳಿ ಕ್ಷೇತ್ರ ಮತ್ತೆ ಬರುವುದು ಕಷ್ಟ. ಭಾಗಾಕಾರ ಅದರ ಕಡೆ ಇಲ್ಲ. ಆದರೆ ಉಳಿದ ನಾಲ್ಕು ಹೆಸರು ಉಳಿಯಬೇಕಾದರೆ, ಉಳಿಯದಿದ್ದರೂ ಗೆರೆ ನೆಟ್ಟಗೆ ಬೀಳಬೇಕಾದರೆ, ಜನ ಎರಡು ಸಲ ಬಾಯಿ ಬಿಡಬೇಕು: ಓಟಿನ ದಿನ ಒಮ್ಮೆ, ನಕ್ಷೆ ಬರೆಯುವ ದಿನ ಒಮ್ಮೆ. ಓಟಿನ ದಿನ ನೆನಪು ಮಾಡಲು ಮೈಕಿನ ಆಟೋ ಬೀದಿ ಬೀದಿಗೆ ಬರುತ್ತೆ. ನಕ್ಷೆಯ ದಿನ ಯಾವ ಆಟೋವೂ ಬರುವುದಿಲ್ಲ. ಅದನ್ನು ಜನರೇ ನೆನಪಿಟ್ಟುಕೊಳ್ಳಬೇಕು.